ಬಂದ ಕಾಲೇಜು ಒಗ್ಗದಿದ್ದರೆ

ಪ್ರಶ್ನೆ: ಮೈಸೂರಿನಲ್ಲಿ ಬಿಇ ಮುಗಿಸಿ, ಎಂಎಸ್ ಓದಲು ಈ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದೆ. ಯಾವ ಎರಡು ವಿಷಯಗಳಿಗಾಗಿ ಈ ವಿಶ್ವವಿದ್ಯಾಲಯ ಆರಿಸಿಕೊಂಡೆನೋ ಅವನ್ನು ಈ ಸಲ ಕಲಿಸುತ್ತಿಲ್ಲ. ಊರು ಚಿಕ್ಕದು, ಬಸ್ಸು ಅಪರೂಪ, ಕನ್ನಡ ಮಾತಾಡುವವರು ಒಬ್ಬರೂ ಇಲ್ಲ. ರಾತ್ರಿ ನಿದ್ದೆ ಹತ್ತುವುದಿಲ್ಲ. ಎರಡು ವಾರದಿಂದ ಒಂದು ಕ್ಲಾಸಿಗೆ ಹೋಗಿಯೇ ಇಲ್ಲ. ಟೆಕ್ಸಸ್‌ನಲ್ಲಿರುವ ಚಿಕ್ಕಪ್ಪನ ಮಗ, ಅಣ್ಣ, ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದುಬಿಡು ಎನ್ನುತ್ತಾನೆ. ಮಧ್ಯದಲ್ಲಿ ಬಿಟ್ಟರೆ ವೀಸಾ ಹೋಗುತ್ತದೆ ಎಂದು ಸೀನಿಯರ್ ಒಬ್ಬರು ಹೆದರಿಸುತ್ತಾರೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬ ಕನ್ಸಲ್ಟೆನ್ಸಿಯವರು, ಸೇರಿದ ದಿನದಿಂದಲೇ ಕೆಲಸ ಮಾಡಬಹುದಾದ ಕಾಲೇಜು ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಅಪ್ಪ ತುಮಕೂರಿನ ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತಂದಿದ್ದಾರೆ. ಪ್ರತಿ ಭಾನುವಾರ ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೆ’ ಎನ್ನುತ್ತೇನೆ. ನಾನೇನು ಮಾಡಲಿ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ವೀಸಾದ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಆ ಭಾನುವಾರದ ಫೋನಿನ ಮಾತು.

ನಗುನಗುತ್ತಾ ಮಾತಾಡಿ, ಅಮ್ಮ ಮಾಡಿದ ತಿಂಡಿಯ ಸುದ್ದಿ ಕೇಳಿ, ‘ಎಲ್ಲಾ ಚೆನ್ನಾಗಿದೆ’ ಎಂದು ಫೋನ್ ಇಟ್ಟ ಮೇಲೆ ಆ ಕೋಣೆಯಲ್ಲಿ ಒಬ್ಬರೇ ಕೂರುವುದು ಎಷ್ಟು ಕಷ್ಟ ಎಂಬುದು ಪರದೇಶದಲ್ಲಿ ಓದುವ ಅನೇಕರಿಗೆ ಗೊತ್ತು. ನಿಮ್ಮ ಸಂಕಟ ನಿಜವಾದದ್ದು. ನೀವು ಸೋಮಾರಿಯಲ್ಲ, ಅಳುಬುರುಕಿಯಲ್ಲ, ಅಪ್ಪನ ದುಡ್ಡಿನ ಬೆಲೆ ತಿಳಿಯದವರಂತೂ ಅಲ್ಲವೇ ಅಲ್ಲ. ಆ ಬೆಲೆ ಅಷ್ಟೊಂದು ತಿಳಿದಿರುವುದರಿಂದಲೇ ನಿಮ್ಮ ಬಾಯಿ ಕಟ್ಟಿದೆ.

ಮನೆ ಪತ್ರ ಬ್ಯಾಂಕಿನಲ್ಲಿರುವಾಗ ನನಗೆಲ್ಲಿಯ ಬೇಸರ ಎಂಬ ಲೆಕ್ಕವೊಂದು ನಿಮ್ಮ ಮನಸ್ಸಿನಲ್ಲಿ ಕೂತಿರುವಂತೆ ಕಾಣುತ್ತದೆ. ಅದನ್ನು ಸ್ವಲ್ಪ ತಿರುಗಿಸಿ ನೋಡಿ. ಅಪ್ಪ ಸಾಲ ಮಾಡಿದ್ದು ನಿಮ್ಮ ಓದಿಗೆ. ಬೇಕಾದ ಓದು ಅಲ್ಲಿ ಸಿಗುತ್ತಿಲ್ಲ ಎಂದಾದರೆ, ಮುಂದಿನ ಸೆಮಿಸ್ಟರಿನ ಫೀಸು ಕಟ್ಟುವ ಮೊದಲು ನಿಂತು ಯೋಚಿಸುವುದು ಆ ದುಡ್ಡಿಗೆ ಕೊಡುವ ಗೌರವವೇ. ನಮ್ಮಲ್ಲಿ ಸೇರಿದ ಕಾಲೇಜು ಬಿಡುವುದೆಂದರೆ ಫೇಲಾದಷ್ಟೇ ದೊಡ್ಡ ಸುದ್ದಿ, ನೆಂಟರಿಗೆಲ್ಲ ಉತ್ತರ ಕೊಡಬೇಕು. ಅಮೆರಿಕದಲ್ಲಿ ಅದು ಸಾಧಾರಣ ಸಂಗತಿ. ಅಲ್ಲಿಯ ಮಕ್ಕಳೂ ಬದಲಿಸುತ್ತಾರೆ. ನಿಮ್ಮಂತೆ ಎಫ್-1 ವೀಸಾದ ಮೇಲೆ ಹೋದವರಿಗೂ ನಿಯಮದಲ್ಲೇ ಒಂದು ದಾರಿ ಇದೆ.

ಸೀನಿಯರ್ ಹೇಳಿದ್ದರಲ್ಲಿ ಅರ್ಧ ನಿಜ. ಕಾಲೇಜು ಕೊಟ್ಟ ನಿಮ್ಮ ಐ-20 ಪತ್ರದ ಮೇಲೆ ‘ಎನ್’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇದೆಯಲ್ಲ, ಅದು ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿ ನಿಮ್ಮ ಗುರುತು. 2003ರಿಂದ ವಿದೇಶಿ ವಿದ್ಯಾರ್ಥಿಗಳ ಓದು, ವಿಳಾಸ, ಕೆಲಸ ಎಲ್ಲವೂ ಅದರಲ್ಲಿ ದಾಖಲಾಗುತ್ತಿದೆ. ಯಾರಿಗೂ ಹೇಳದೆ ಕೋರ್ಸು ಕೈಬಿಟ್ಟರೆ ಕಾಲೇಜು ಅದನ್ನು ಅಲ್ಲಿ ಬರೆಯಲೇಬೇಕು. ಹಾಗೆ ದಾಖಲೆ ರದ್ದಾದವರಿಗೆ ಅಲ್ಲಿ ಉಳಿಯಲು ಒಂದು ದಿನದ ವಾಯಿದೆಯೂ ಸಿಗುವುದಿಲ್ಲ. ಒಪ್ಪಿಗೆ ಪಡೆದು ಓದು ನಿಲ್ಲಿಸಿದವರಿಗೆ ದೇಶ ಬಿಡಲು 15 ದಿನ. ಆದರೆ ಬೇರೆ ಕಡೆ ಸೀಟು ಪಡೆದು, ದಾಖಲೆಯನ್ನು ಅಲ್ಲಿಗೆ ವರ್ಗಾಯಿಸಿಕೊಂಡು ಹೋಗುವುದು ಈ ಎರಡಕ್ಕೂ ಸೇರದ ಮಾತು. ಅದರಲ್ಲಿ ವೀಸಾ ಹೋಗುವುದಿಲ್ಲ. ಸೆವಿಸ್ ಸಂಖ್ಯೆಯೂ ಅದೇ ಉಳಿಯುತ್ತದೆ, ಸೆವಿಸ್ ಶುಲ್ಕವನ್ನೂ ಮತ್ತೆ ಕಟ್ಟಬೇಕಿಲ್ಲ.

ಹಾಗಾಗಿ ನನಗೆ ಆತಂಕವಾಗಿದ್ದು ನೀವು ಬಿಟ್ಟಿರುವ ಆ ಒಂದು ಕ್ಲಾಸಿನ ಬಗ್ಗೆ. ಸದ್ಯದ ಕಾಲೇಜಿನಲ್ಲಿ ಪೂರ್ತಿ ಪ್ರಮಾಣದ ಕೋರ್ಸುಗಳನ್ನು ಓದುತ್ತಿರುವವರಿಗೆ ಮಾತ್ರ ವರ್ಗಾವಣೆಯ ದಾರಿ ಸಲೀಸು. ಹೊಸ ವಿಶ್ವವಿದ್ಯಾಲಯ ನಿಮ್ಮನ್ನು ತೂಗುವುದೂ ಈ ಸೆಮಿಸ್ಟರಿನ ಅಂಕಗಳಿಂದಲೇ. ನಾಳೆಯೇ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ ನಿಮ್ಮ ಡಿಎಸ್ಒ, ಅಂದರೆ ನಿಮ್ಮ ಸೆವಿಸ್ ದಾಖಲೆ ನೋಡಿಕೊಳ್ಳುವ ಅಧಿಕಾರಿಯ ಮುಂದೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿ. ಅವರು ಪೊಲೀಸರಲ್ಲ. ಹೊಸಬರಿಗೆ ಅಲ್ಲಿನ ಪಾಠದ ಕ್ರಮ ಹಿಡಿತಕ್ಕೆ ಸಿಗದಿದ್ದರೆ, ಅಥವಾ ಆರೋಗ್ಯ ಕೆಟ್ಟಿದೆ ಎಂದು ವೈದ್ಯರೋ ಲೈಸೆನ್ಸ್ ಇರುವ ಮನಶ್ಶಾಸ್ತ್ರಜ್ಞರೋ ಬರೆದುಕೊಟ್ಟರೆ, ಕೋರ್ಸುಗಳ ಹೊರೆ ಕಡಿಮೆ ಮಾಡಲು ಅವರಿಗೆ ಅಧಿಕಾರವಿದೆ. ಆದರೆ ಆ ಒಪ್ಪಿಗೆ ಮೊದಲೇ ಸಿಗಬೇಕು. ಕೋರ್ಸು ಬಿಟ್ಟ ಮೇಲೆ ಹೋಗಿ ಕೇಳಿದರೆ ಅವರ ಕೈ ಕಟ್ಟಿಹೋಗಿರುತ್ತದೆ.

ಅದೇ ವಾರ ಇನ್ನೊಂದು ಬಾಗಿಲನ್ನೂ ತಟ್ಟಿ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಕೌನ್ಸೆಲಿಂಗ್ ಕೇಂದ್ರವಿರುತ್ತದೆ, ಅದರ ಖರ್ಚನ್ನು ಹೆಚ್ಚಿನ ಕಡೆ ನಿಮ್ಮ ಫೀಸಿನಲ್ಲೇ ಹಿಡಿದಿರುತ್ತಾರೆ. ನಿದ್ದೆ ಬಾರದಿರುವುದು, ಕ್ಲಾಸಿಗೆ ಹೋಗಲು ಕಾಲೇಳದಿರುವುದು, ಇವೆರಡನ್ನು ಹೇಳಿದರೆ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ. ಜೀವಕ್ಕೆ ಅಪಾಯವಿದೆ ಎನಿಸದ ಹೊರತು ಅಲ್ಲಿಯ ಮಾತು ಹೊರಗೆ ಹೋಗುವುದಿಲ್ಲ, ವೀಸಾ ದಾಖಲೆಗೂ ಸೇರುವುದಿಲ್ಲ. ಯಾವತ್ತಾದರೂ ರಾತ್ರಿ ‘ಇನ್ನು ಸಾಕು’ ಎನಿಸಿದರೆ, ಸಾಯುವ ಯೋಚನೆ ಸುಳಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಅಮೆರಿಕದಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಮೆಸೇಜೂ ಕಳಿಸಬಹುದು. ಇದನ್ನು ನಿಮಗೊಬ್ಬರಿಗೇ ಹೇಳುತ್ತಿಲ್ಲ. ಈ ಪುಟ ಓದುವ ನಿಮ್ಮಂಥ ಇನ್ನೂ ಕೆಲವರಿಗೆ ಈ ಸಂಖ್ಯೆ ಬೇಕಾಗಿರಬಹುದು.

ಈಗ ಅಸಲು ಪ್ರಶ್ನೆ. ನಿಮ್ಮ ಪತ್ರದಲ್ಲಿ ಎರಡು ನೋವುಗಳು ಹೆಣೆದುಕೊಂಡಿವೆ. ಬೇಕಾದ ವಿಷಯ ಇಲ್ಲದಿರುವುದು ಒಂದು, ಮಾತಿಗೆ ಜನ ಇಲ್ಲದಿರುವುದು ಇನ್ನೊಂದು. ಎರಡಕ್ಕೂ ಕಾಲೇಜು ಬದಲಿಸುವುದೇ ಮದ್ದು ಎಂದು ರಾತ್ರಿ ಎರಡು ಗಂಟೆಯಲ್ಲಿ ಅನಿಸುತ್ತದೆ. ಹಗಲಿನಲ್ಲಿ ಬಿಡಿಸಿ ನೋಡಿ. ಆ ಎರಡು ವಿಷಯಗಳನ್ನು ಮತ್ತೆ ಯಾವಾಗ ಕಲಿಸುತ್ತಾರೆ, ಬೇರೆ ವಿಭಾಗದಿಂದ ಅಂಥದ್ದೇ ಕೋರ್ಸು ತೆಗೆದುಕೊಳ್ಳಬಹುದೇ ಎಂದು ನಿಮ್ಮ ವಿಭಾಗದವರನ್ನು ಬಾಯಿಬಿಟ್ಟು ಕೇಳಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯಿಲ್ಲ. ಜನವರಿಯಲ್ಲಿ ಅವು ಬರುತ್ತವೆ ಎಂದಾದರೆ ನಿಮ್ಮ ತೀರ್ಮಾನವೇ ಬೇರೆಯಾಗಬಹುದು. ಟೆಕ್ಸಸ್‌ನಲ್ಲಿ ಅಣ್ಣನಿದ್ದಾನೆ ಎಂಬುದು ದೊಡ್ಡ ಧೈರ್ಯ, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಟೆಕ್ಸಸ್ ಬಹಳ ದೊಡ್ಡ ರಾಜ್ಯ. ಡಲ್ಲಾಸ್‌ನಲ್ಲಿ ಅಣ್ಣ, ಹ್ಯೂಸ್ಟನ್‌ನಲ್ಲಿ ಕಾಲೇಜು ಎಂದಾದರೆ ನಡುವೆ ಕಾರಿನಲ್ಲೇ ಮೂರೂವರೆ ಗಂಟೆಯ ದಾರಿ. ಅವನಿಗೂ ಅವನ ಕೆಲಸ, ಅವನ ದಿನಗಳಿವೆ.

ಒಂಟಿತನವನ್ನು ಈಗಿರುವ ಊರಿನಲ್ಲೇ ಸ್ವಲ್ಪ ಇಳಿಸಲು ಸಾಧ್ಯ. ಹತ್ತಿರದ ದೊಡ್ಡ ನಗರದಲ್ಲಿ ಕನ್ನಡ ಕೂಟ ಇದೆಯೇ ಹುಡುಕಿ. ಅಮೆರಿಕದ ಹಲವು ನಗರಗಳಲ್ಲಿ ಇವೆ; ರಾಜ್ಯೋತ್ಸವಕ್ಕೋ ದೀಪಾವಳಿಗೋ ಸೇರುತ್ತಾರೆ, ಓದುವ ಮಕ್ಕಳೆಂದರೆ ಊಟಕ್ಕೆ ಕರೆಯುವ ಮನೆಗಳಿರುತ್ತವೆ. ಕಾರಿಲ್ಲ ಎಂದು ಬರೆದರೆ ಕರೆದೊಯ್ಯಲು ಬರುವವರೂ ಇರುತ್ತಾರೆ. ಕೇಳಲು ಸಂಕೋಚವಾಗುತ್ತದೆ, ಗೊತ್ತು. ಆದರೂ ಕೇಳಿ.

ಇಷ್ಟಾದ ಮೇಲೂ ಬದಲಿಸಬೇಕು ಎನಿಸಿದರೆ ಧೈರ್ಯವಾಗಿ ಬದಲಿಸಿ. ಕ್ರಮ ಮಾತ್ರ ತಪ್ಪಬಾರದು. ಮೊದಲು ಹೊಸ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಗೆ ಬರಲಿ. ಅಲ್ಲಿಯವರೆಗೆ ಹಳೆಯದರಲ್ಲಿ ಒಂದು ಕ್ಲಾಸನ್ನೂ ಬಿಡಬೇಡಿ. ಪತ್ರ ಬಂದ ಮೇಲೆ ಅದನ್ನು ಡಿಎಸ್ಒಗೆ ಕೊಟ್ಟು, ದಾಖಲೆ ಬಿಟ್ಟುಕೊಡುವ ದಿನಾಂಕವನ್ನು ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಸಾಮಾನ್ಯವಾಗಿ ಪರೀಕ್ಷೆ ಮುಗಿದ ನಂತರದ ದಿನ ಇಟ್ಟುಕೊಳ್ಳುತ್ತಾರೆ. ಆ ದಿನ ಬರುವವರೆಗೆ ಮನಸ್ಸು ಬದಲಾದರೆ ರದ್ದು ಮಾಡಿಸಬಹುದು, ದಾಟಿದ ಮೇಲೆ ಹಳೇ ಕಾಲೇಜಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಕೆಲಸ ಮಾಡುತ್ತಿದ್ದರೆ ಅದೂ ಅಂದಿಗೇ ನಿಲ್ಲಬೇಕು. ಹೊಸ ಐ-20 ಕೊಡಲು ಹೊಸ ಕಾಲೇಜಿಗೆ ಆ ದಿನದ ನಂತರವಷ್ಟೇ ಸಾಧ್ಯ. ಮುಂದಿನ ಓದು 5 ತಿಂಗಳೊಳಗೆ ಶುರುವಾಗಬೇಕು. ಸಿಗುವ ಮೊದಲ ಸೆಮಿಸ್ಟರನ್ನು ಬಿಟ್ಟು ಅದರ ಮುಂದಿನದಕ್ಕೆ ಕಾಯುವಂತಿಲ್ಲ. ಐ-20ಯಲ್ಲಿರುವ ಆರಂಭದ ದಿನದಿಂದ 15 ದಿನದೊಳಗೆ ಹೊಸ ಡಿಎಸ್ಒ ಹತ್ತಿರ ಹೆಸರು ನೋಂದಾಯಿಸಿ. ನಡುವೆ ಊರಿಗೆ ಬಂದು ಹೋಗುವುದಾದರೆ, ವೀಸಾದ ಮೇಲೆ ಹಳೇ ಕಾಲೇಜಿನ ಹೆಸರಿದ್ದರೂ ಅವಧಿ ಮುಗಿಯದಿದ್ದರೆ ಹೊಸ ಐ-20 ತೋರಿಸಿ ಒಳಗೆ ಹೋಗಬಹುದು.

ಸಾಲದ ಮಾತು ಬಂದಿರುವುದರಿಂದ ಇದನ್ನೂ ಕೇಳಿಟ್ಟುಕೊಳ್ಳಿ: ಓದಿದ ಕ್ರೆಡಿಟ್‌ಗಳೆಲ್ಲ ಹೊಸ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಎಂಎಸ್ ಮಟ್ಟದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಆರೋ ಒಂಬತ್ತೋ ಕ್ರೆಡಿಟ್ ಮಾತ್ರ ಒಪ್ಪುತ್ತವೆ, ಅದೂ ಒಳ್ಳೆಯ ಗ್ರೇಡ್ ಇದ್ದರೆ. ಎಷ್ಟು ಒಪ್ಪುತ್ತೀರಿ ಎಂದು ಬರೆಸಿಕೊಂಡು ಮುಂದುವರಿಯಿರಿ. ಇನ್ನೊಂದು ಎಚ್ಚರ. ವಿದ್ಯಾರ್ಥಿಗಳು ಓದು, ಕಾಲೇಜು ಬದಲಿಸುವುದನ್ನು, ಅದರಲ್ಲೂ ಸ್ನಾತಕೋತ್ತರದವರು ಬದಲಿಸುವುದನ್ನು ಬಿಗಿಗೊಳಿಸುವ ಕರಡು ನಿಯಮವೊಂದನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ನಾನಿಲ್ಲಿ ಬರೆದದ್ದನ್ನಾಗಲಿ, ಸೀನಿಯರ್ ಹೇಳಿದ್ದನ್ನಾಗಲಿ ಕಡೆಯ ಮಾತೆಂದು ಹಿಡಿಯಬೇಡಿ. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಡಿಎಸ್ಒ ಬಾಯಿಂದಲೇ ಕೇಳಿ. ಒಂದು ವೇಳೆ ದಾಖಲೆಯಲ್ಲಿ ಈಗಾಗಲೇ ತೊಡಕಾಗಿದ್ದರೆ ವಲಸೆ ಕಾನೂನಿನ ವಕೀಲರನ್ನು ಕಾಣಬೇಕು. ಕೆಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಉಚಿತ ಕಾನೂನು ಸಲಹೆ ಸಿಗುತ್ತದೆ.

ಆ ಕನ್ಸಲ್ಟೆನ್ಸಿಯವರಿಗೆ ಮಾತ್ರ ಈಗಲೇ ಬೇಡ ಎನ್ನಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಕತೆ 2019ರ ಜನವರಿಯಲ್ಲಿ ಹೊರಬಿತ್ತು. ಅದರಲ್ಲಿ ಪಾಠವಿರಲಿಲ್ಲ, ಪಾಠ ಹೇಳುವವರೂ ಇರಲಿಲ್ಲ. ಅದು ಅಮೆರಿಕದ ಅಧಿಕಾರಿಗಳೇ ಒಡ್ಡಿದ ಬಲೆಯಾಗಿತ್ತು. ಸರ್ಕಾರದ ಮಾನ್ಯತೆಯ ಪಟ್ಟಿಯಲ್ಲೂ ಅದರ ಹೆಸರಿತ್ತು. ನೂರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಬಂಧನಕ್ಕೊಳಗಾದರು. ಅದಕ್ಕೂ ಮೊದಲು, 2011ರಲ್ಲಿ, ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ಸಂಸ್ಥೆ ಮುಚ್ಚಿದಾಗಲೂ ನಮ್ಮ ಮಕ್ಕಳೇ ಬೀದಿಗೆ ಬಿದ್ದದ್ದು. ಅಲ್ಲಿ ಸಿಕ್ಕಿಬಿದ್ದವರನ್ನು ದಡ್ಡರೆಂದು ಹಳಿಯಲು ನನಗೆ ಮನಸ್ಸಿಲ್ಲ, ಸಾಲದ ಕಂತಿನ ಹೆದರಿಕೆ ಯಾರನ್ನಾದರೂ ಹಾಗೆ ನೂಕಬಹುದು. ಮೊದಲ ದಿನದಿಂದ ಕೆಲಸ ಎನ್ನುವ ಕಾಲೇಜುಗಳೆಲ್ಲ ನಕಲಿ ಎಂದೂ ಅಲ್ಲ. ಆದರೆ ಸಿಪಿಟಿ ಎಂಬ ಆ ಅನುಮತಿಯಲ್ಲಿ 12 ತಿಂಗಳು ಪೂರ್ಣಾವಧಿ ದುಡಿದರೆ, ಡಿಗ್ರಿ ಮುಗಿದ ಮೇಲೆ ಅದೇ ಮಟ್ಟಕ್ಕೆ ಸಿಗಬೇಕಾದ ಒಪಿಟಿ ಎಂಬ ಕೆಲಸದ ಅನುಮತಿ ಕೈತಪ್ಪುತ್ತದೆ. ಮುಂದೆ ವೀಸಾ ಕೇಳುವಾಗ ಆ ಕಾಲೇಜಿನಲ್ಲಿ ನಿಜಕ್ಕೂ ಏನು ಓದಿದಿರಿ ಎಂಬ ಪ್ರಶ್ನೆಗೂ ಉತ್ತರ ಇಟ್ಟುಕೊಳ್ಳಬೇಕು. ನೀವು ಹೋಗಿದ್ದು ಓದಲು. ಆ ಎರಡು ವಿಷಯ ಸಿಗಲಿಲ್ಲವೆಂದು ನೊಂದವರು ಪಾಠವೇ ಇಲ್ಲದ ಕಡೆ ಹೋಗುವುದು ಬೇಡ.

ಈ ಅಂಕಣ ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ದೂರದಲ್ಲಿರುವ ಮಕ್ಕಳು ‘ಚೆನ್ನಾಗಿದೆ’ ಎಂದಾಗ, ಊಟ ಮಾಡಿದೆಯಾ ಎಂದಷ್ಟೇ ಕೇಳಿ ಸುಮ್ಮನಾಗದೆ, ನಿದ್ದೆ ಬರುತ್ತದೆಯೇ, ಯಾರ ಜೊತೆ ಮಾತಾಡುತ್ತೀ ಎಂದೂ ಕೇಳಿ. ಸಾಲದ ಮಾತನ್ನು ಪ್ರತಿ ಫೋನಿನಲ್ಲೂ ಎತ್ತಬೇಡಿ. ನಿಮಗೇ ಚಿಂತೆ ಹೆಚ್ಚಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಿಮ್ಮ ಅಪ್ಪನ ವಿಷಯ. ಎಲ್ಲ ಮುಗಿಸಿ ಆಮೇಲೆ ಹೇಳೋಣ ಎಂದುಕೊಳ್ಳಬೇಡಿ, ಹಾಗೆ ತಿಳಿದರೆ ಅವರಿಗೆ ಎರಡು ಪಟ್ಟು ನೋವು. ಡಿಎಸ್ಒ ಮತ್ತು ವಿಭಾಗದವರನ್ನು ಕಂಡು ಬಂದ ಮೇಲಿನ ಭಾನುವಾರ ಹೇಳಿ. ‘ಅಪ್ಪಾ, ನಾನಿಲ್ಲಿ ಅಂದುಕೊಂಡಷ್ಟು ಚೆನ್ನಾಗಿಲ್ಲ. ಓದು ಬಿಡುವುದಿಲ್ಲ. ಆದರೆ ಕಾಲೇಜು ಬದಲಿಸಬೇಕೇನೋ ಎಂದು ವಿಚಾರಿಸುತ್ತಿದ್ದೇನೆ’ ಎಂದಷ್ಟು ಸಾಕು. ಮೊದಲ ಎರಡು ನಿಮಿಷ ಅವರು ಗಾಬರಿಯಾಗಬಹುದು, ದನಿ ಏರಬಹುದು. ತಡೆದುಕೊಳ್ಳಿ. ಆಮೇಲೆ ಅವರಿಗೊಂದು ಕೆಲಸ ಒಪ್ಪಿಸಿ. ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಈಗಿನ ವಿಶ್ವವಿದ್ಯಾಲಯದ ಹೆಸರಿರುತ್ತದೆ, ಹೊಸ ಐ-20 ಕೊಡುವವರು ಹಣದ ದಾಖಲೆಯನ್ನು ಮತ್ತೆ ಕೇಳುತ್ತಾರೆ. ಹೆಸರು ಬದಲಿಸಿ ಹೊಸ ಪತ್ರ ಕೊಡಲು ಎಷ್ಟು ದಿನ ಬೇಕು, ಯಾವ ಕಾಗದ ಬೇಕು, ಮುಂದಿನ ಕಂತನ್ನು ಹೊಸ ಕಾಲೇಜಿಗೆ ಕಳಿಸುತ್ತಾರೆಯೇ ಎಂದು ಅವರೇ ಬ್ಯಾಂಕಿಗೆ ಹೋಗಿ ಮ್ಯಾನೇಜರನ್ನು ಕೇಳಿ ಬರಲಿ.