ಗರುಡಗಂಬದ ಪಾಠ: ಎರಡು ಬಾರಿ ಮಾಡಿದ ಒಂದು ತರಗತಿ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. 8ನೇ ತರಗತಿಯ ಹೊಯ್ಸಳರ ಪಾಠ ನನ್ನ ಪಾಲಿಗೆ ಬಂತು. ಬೇಲೂರು, ಹಳೇಬೀಡು ಎರಡನ್ನೂ ನೋಡಿರುವ ಮಕ್ಕಳಿಗೆ ಇದು ಸುಲಭದ ಪಾಠ ಎಂದುಕೊಂಡಿದ್ದೆ. ಪೂರ್ವಜ್ಞಾನ ತಿಳಿಯಲು ಕೇಳಿದ ಪ್ರಶ್ನೆಗಳಿಗೆ ಬಂದ ಉತ್ತರಗಳು ಮಾತ್ರ ಒಂದೇ ಬಗೆಯವು: ಸಳ ಹುಲಿಯನ್ನು ಕೊಂದದ್ದು, ನಕ್ಷತ್ರಾಕಾರದ ಜಗತಿ, ಮದನಿಕೆಯರು. ಹಾಗಾಗಿ ಮಕ್ಕಳು ಪಕ್ಕದಲ್ಲೇ ಹಾದುಹೋಗಿದ್ದರೂ ಗಮನಿಸದ ಒಂದು ಕಲ್ಲನ್ನು ಆರಿಸಿಕೊಂಡೆ. ಅದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕಿರುವ ಗರುಡಗಂಬ. ಈ ಪಾಠವನ್ನು ನಾನು ಎರಡು ಬಾರಿ ಮಾಡಬೇಕಾಯಿತು. ಮೊದಲನೆಯದು ಏಕೆ ಕೆಟ್ಟಿತು ಎಂಬುದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ವಿಷಯದ ಹಿನ್ನೆಲೆ

ಒಡೆಯನ ಅಂಗರಕ್ಷಕರಾಗಿ ನಿಂತು, ಅವನು ತೀರಿಕೊಂಡ ಮೇಲೆ ತಾವೂ ಬದುಕಿರುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವರನ್ನು ಹೊಯ್ಸಳರ ಕಾಲದಲ್ಲಿ ಗರುಡರು ಎಂದು ಕರೆಯುತ್ತಿದ್ದರು. ವಿಷ್ಣುವಿಗೆ ಗರುಡ ಹೇಗೋ ಒಡೆಯನಿಗೆ ಇವರು ಹಾಗೆ ಎಂಬುದು ಹೆಸರಿನ ಭಾವ. ಕಾಲಿಗೆ ತೊಟ್ಟ ತೊಡರು ಇಂಥ ವೀರವ್ರತದ ಗುರುತು. ಇಮ್ಮಡಿ ವೀರಬಲ್ಲಾಳನ (1173–1220) ದಂಡನಾಯಕನಾಗಿದ್ದ ಕುವರ ಲಕ್ಷ್ಮ ಅಂಥವನು. ದೊರೆ ಅವನನ್ನು ಮಗನಂತೆ ಬೆಳೆಸಿದ್ದನು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವನೊಂದಿಗಿದ್ದ ಲೆಂಕರು ಪ್ರಾಣ ಬಿಟ್ಟರು ಎಂದು ಕಂಬದ ಮೇಲಿನ ಕನ್ನಡ ಶಾಸನ ಹೊಗಳಿ ಹೇಳುತ್ತದೆ. ತಮ್ಮ ಕೊರಳಿಗೆ ತಾವೇ ಕತ್ತಿ ಹಿಡಿದ ವೀರರ ಚಿಕ್ಕ ಶಿಲ್ಪಗಳು ಅದರ ಮೇಲಿವೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟವಾಗಿ ಪ್ರಕಟಿಸಿದಾಗ ಈ ಪಾಠವೂ ಅಚ್ಚಾಯಿತು.

ಇದು ಒಂಟಿ ಘಟನೆಯಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಒಂದೇ ಮನೆತನದ ಹಲವು ತಲೆಮಾರುಗಳು ಹೊಯ್ಸಳ ದೊರೆಗಳಿಗೆ ಗರುಡರಾದುದನ್ನು ದಾಖಲಿಸಿವೆ. ಅದಕ್ಕೂ ಹಿಂದೆ, ಗಂಗ ದೊರೆ ನೀತಿಮಾರ್ಗ ತೀರಿಕೊಂಡಾಗ ಅಗರಯ್ಯ ಎಂಬ ಸೇವಕ 'ಕೀಳ್ಗುಂಟೆ'ಯಾಗಿ ಜೊತೆಗೇ ಸತ್ತನೆಂದು ದೊಡ್ಡಹುಂಡಿಯ ಕಲ್ಲು ಹೇಳುತ್ತದೆ.

ಮೊದಲ ಅವಧಿ

ಕಂಬದ ಚಿತ್ರವನ್ನು ಮುಚ್ಚಿಟ್ಟು, ಪತ್ತೇದಾರಿ ಕಥೆಯಂತೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಹೋದೆ. ಕೊನೆಗೆ ಚಿತ್ರ ತೋರಿಸಿದಾಗ ತರಗತಿ ಒಮ್ಮೆಲೇ 'ಅಬ್ಬಾ' ಎಂದಿತು. ಇಬ್ಬರು ಹುಡುಗರು ಅಳತೆಪಟ್ಟಿಯನ್ನು ಕೊರಳಿಗಿಟ್ಟುಕೊಂಡು ನಕ್ಕರು. ಮಕ್ಕಳಿಗೆ ಪಾಠ ಹಿಡಿಸಿದೆ ಎಂದು ನಾನೂ ನಕ್ಕೆ. ಮೌಲ್ಯಮಾಪನಕ್ಕೆ ಕೇಳಿದ ಪ್ರಶ್ನೆ: "ಕುವರ ಲಕ್ಷ್ಮನಿಂದ ನಾವು ಕಲಿಯುವ ಮೌಲ್ಯವೇನು?" "ನಂಬಿದವರಿಗಾಗಿ ಪ್ರಾಣ ಕೊಡಬೇಕು" ಎಂಬ ಉತ್ತರ ಬಂತು. ಅದನ್ನು ಕಪ್ಪುಹಲಗೆಯ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು. ಮೂರನೇ ಬೆಂಚಿನ ಒಬ್ಬ ಹುಡುಗಿ ಪುಸ್ತಕ ಮುಚ್ಚಿ ಕುಳಿತಿದ್ದಳು. ಗಮನವಿಲ್ಲ ಎಂದು ಗದರಿದೆ.

ಅವಧಿ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದರು. ಆ ಮಗುವಿನ ಮನೆಯಲ್ಲಿ ಹಿಂದಿನ ವರ್ಷ ಒಬ್ಬರು ತಾವೇ ಜೀವ ತೆಗೆದುಕೊಂಡಿದ್ದರು. ನನ್ನ ತಲೆ ತಗ್ಗಿತು. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಹಲಗೆಯ ಮೇಲಿನ ಆ ವಾಕ್ಯ ಯಾರದು? ಕಲ್ಲಿನದೋ, ನಿಮ್ಮದೋ?"

ವಾಕ್ಯ ಕಲ್ಲಿನದೇ ಆಗಿತ್ತು. ಅದನ್ನು ನನ್ನದೆಂಬಂತೆ ಮಕ್ಕಳಿಗೆ ದಾಟಿಸಿದ್ದೆ. ವೀರನನ್ನು ಹೊಗಳಲೆಂದೇ ಕಡೆದ ಕಲ್ಲು ಹೊಗಳುವುದು ಸಹಜ. ಶಿಕ್ಷಕನ ಕೆಲಸ ಅದಲ್ಲ.

ಎರಡನೇ ಅವಧಿ

ಎರಡು ದಿನಗಳ ನಂತರ ಅದೇ ಪಾಠವನ್ನು ಹೊಸ ಯೋಜನೆಯೊಂದಿಗೆ ತೆಗೆದುಕೊಂಡೆ. ಮೊದಲು ಆ ಹುಡುಗಿಯ ಹತ್ತಿರ ಪ್ರತ್ಯೇಕವಾಗಿ ಹೋಗಿ, ಗದರಿದ್ದು ನನ್ನ ತಪ್ಪು ಎಂದೆ. ಬೇಡವೆನಿಸಿದರೆ ಆ ಅವಧಿಯಲ್ಲಿ ಗ್ರಂಥಾಲಯದಲ್ಲಿರಬಹುದು ಎಂದು ಮಾರ್ಗದರ್ಶಕ ಶಿಕ್ಷಕಿ ತಿಳಿಸಿದ್ದರು. ಅವಳು ತರಗತಿಗೇ ಬಂದಳು.

ಹಲಗೆಯಲ್ಲಿ ಮೂರು ಅಂಕಣ ಎಳೆದೆ: ಶಾಸನ ಹೇಳುವುದು, ಶಿಲ್ಪ ತೋರಿಸುವುದು, ಎರಡೂ ಹೇಳದಿರುವುದು. ಮೊದಲೆರಡು ಬೇಗ ತುಂಬಿದವು. ಮೂರನೆಯದಕ್ಕೆ ಹೆಸರು ಬರೆಯದೆ ಚೀಟಿ ಕೊಡಲು ಹೇಳಿದೆ. ಬಂದ ಪ್ರಶ್ನೆಗಳಲ್ಲಿ ಕೆಲವು: ಸುಗ್ಗಲದೇವಿಯೂ ತಾನೇ ಪ್ರತಿಜ್ಞೆ ಮಾಡಿದ್ದಳೇ? ಲೆಂಕರಲ್ಲಿ ಒಬ್ಬ ಒಲ್ಲೆ ಎಂದಿದ್ದರೆ? ಹೊಸ ದೊರೆಗೆ ಇವರು ಬೇಡವಾಗಿದ್ದರೇ? ಒಂದು ಚೀಟಿಯಲ್ಲಿ ಇಷ್ಟೇ ಇತ್ತು: "ಉಳಿದವರು ಏನು ಮಾಡಿದರು?" ಅದು ಯಾರ ಚೀಟಿ ಎಂದು ಊಹಿಸಲು ಹೋಗಲಿಲ್ಲ. ಎಲ್ಲದರ ಜೊತೆ ಅದನ್ನೂ ಅಂಕಣಕ್ಕೆ ಸೇರಿಸಿದೆ.

ಬಳಿಕ ಜೋಳವಾಳಿ ಎಂಬ ಹಳೆಯ ಪದವನ್ನು ಪರಿಚಯಿಸಿದೆ. ಒಡೆಯ ಕೊಟ್ಟ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವುದು ಅದರ ಅರ್ಥ. "ಉಂಡ ಮನೆಗೆ ಎರಡು ಬಗೆಯಬೇಡ ಅಂತಾರಲ್ಲ, ಹಾಗಾ ಸಾರ್?" ಎಂದು ಒಬ್ಬ ಕೇಳಿದ. ಹೌದು ಎಂದೆ. ಋಣ ನೆನೆಯುವುದು ಇಂದಿಗೂ ಒಳ್ಳೆಯ ಗುಣ, ಆದರೆ ಅದಕ್ಕೆ ಜೀವ ತೆರಬೇಕೆಂಬುದು ಆ ಕಾಲದ ಯೋಧರ ಕಟ್ಟಳೆ, ಅದನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ, ಒಪ್ಪುವುದಿಲ್ಲ ಎಂದು ನೇರವಾಗಿ ಹೇಳಿದೆ. ಮೌಲ್ಯಮಾಪನದ ಪ್ರಶ್ನೆಯನ್ನೂ ಬದಲಿಸಿದೆ: "ಈ ಕಂಬ ನಿಲ್ಲಿಸಿದವರು, ನೋಡುವವರು ಏನನ್ನು ನಂಬಲಿ ಎಂದು ಬಯಸಿದ್ದರು?" ಈ ಬಾರಿ ಉತ್ತರಗಳು ಒಂದೇ ಬಗೆಯವಾಗಿರಲಿಲ್ಲ. "ರಾಜನಿಗೆ ಹೀಗೇ ಇರಬೇಕು ಅಂತ ಬೇರೆ ಸೈನಿಕರೂ ನಂಬಲಿ ಅಂತ" ಎಂದು ಒಬ್ಬಳು ಬರೆದಿದ್ದಳು. ಗೃಹಪಾಠವಾಗಿ ತಮ್ಮೂರಿನ ಅಥವಾ ಕಂಡ ಊರಿನ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಇದೇ ಮೂರು ಅಂಕಣ ತುಂಬಿ ತರಲು ಹೇಳಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

1. ವಿಚಿತ್ರ ಕಥೆ ಆಸಕ್ತಿಯನ್ನು ತಾನೇ ತರುತ್ತದೆ. ಅದಕ್ಕೆ ನಾಟಕೀಯತೆ ಸೇರಿಸಬೇಕಿಲ್ಲ. ಸಾವಿನ ಪ್ರಸಂಗವನ್ನು ಅಭಿನಯಿಸಿ ತೋರಿಸಲೇಬಾರದು.
2. ಸಾವು, ಆತ್ಮಬಲಿ, ಸತಿಯಂಥ ವಿಷಯವಿದ್ದರೆ ಪಾಠಯೋಜನೆಯನ್ನು ತರಗತಿ ಶಿಕ್ಷಕರಿಗೆ ಮುಂಚೆಯೇ ತೋರಿಸಿ. ಮಕ್ಕಳ ಮನೆಯ ಸ್ಥಿತಿ ಅವರಿಗೆ ಗೊತ್ತಿರುತ್ತದೆ.
3. ಹಲಗೆಯ ಮೇಲೆ ಬರೆಯುವ ಪ್ರತಿ ವಾಕ್ಯಕ್ಕೂ "ಇದು ಯಾರ ಮಾತು?" ಎಂದು ಕೇಳಿಕೊಳ್ಳಿ. ಆಕರದ ಮಾತಾದರೆ "ಶಾಸನದ ಪ್ರಕಾರ" ಎಂದು ಸೇರಿಸಿ.
4. ಸುಮ್ಮನಿರುವ ಮಗುವನ್ನು ಗದರುವ ಮೊದಲು ಕಾರಣ ತಿಳಿಯಿರಿ. ನೆರವು ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ರ ಬಗ್ಗೆ ಶಾಲೆಗೂ ಪೋಷಕರಿಗೂ ತಿಳಿಸಿ.

ಮೊದಲ ಅವಧಿಗೆ ನನ್ನ ವೀಕ್ಷಣಾ ಪುಸ್ತಕದಲ್ಲಿ "ಆಸಕ್ತಿ ಮೂಡಿಸಿದೆ" ಎಂಬ ಷರಾ ಇದೆ. ಎರಡನೆಯದಕ್ಕೆ "ತರಗತಿ ನಿಧಾನವಾಗಿತ್ತು, ಪ್ರಶ್ನೆಗಳು ಮಕ್ಕಳವು" ಎಂದಿದೆ. ಇಟ್ಟುಕೊಳ್ಳಬೇಕೆನಿಸುವುದು ಎರಡನೆಯದು.