ಕೆಲಸ ಸಿಗುವ ತನಕ ಊರ ಕೆಲಸ: ಏಳು ಸೂತ್ರ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮ ಒಂದು ಕಾಲದ ಹದಿನಾಡು. 1399ರಲ್ಲಿ ದಾರಿಹೋಕರಾಗಿ ಬಂದ ಯದುರಾಯ ಸಹೋದರರು, ಕಾರುಗಹಳ್ಳಿ ಮಾರನಾಯಕನ ಕಾಟಕ್ಕೆ ಸಿಕ್ಕಿದ್ದ ಇಲ್ಲಿನ ಅರಸು ಮನೆತನಕ್ಕೆ ನೆರವಾದರಂತೆ. ಮೈಸೂರು ಒಡೆಯರ ವಂಶ ಶುರುವಾದದ್ದು ಅಲ್ಲಿಂದಲೇ ಎನ್ನುತ್ತದೆ ಐತಿಹ್ಯ. ಇವತ್ತು ಊರ ಕೆಲಸಕ್ಕೆ ಹೆಗಲು ಕೊಟ್ಟರೆ ಸಿಂಹಾಸನವೇನೂ ಸಿಗದು. ‘ಈ ಹುಡುಗಿ ಒಪ್ಪಿಕೊಂಡಿದ್ದನ್ನು ಮುಗಿಸ್ತಾಳೆ’ ಎನ್ನುವ ನಾಲ್ಕು ಜನ ಸಿಗುತ್ತಾರೆ. ಅರ್ಜಿ ಹಾಕಿ ಕಾಯುವವರಿಗೆ ಅದೇ ಬಂಡವಾಳ.

1. ಹೊತ್ತು ಹಂಚಿಕೊಳ್ಳಿ. ಬೆಳಿಗ್ಗೆ ಓದು, ಅರ್ಜಿ. ಸಂಜೆ ಊರ ಕೆಲಸ. ವಾರಕ್ಕೆ ಏಳೆಂಟು ಗಂಟೆ ಸಾಕು. ಸಂದರ್ಶನದ ದಿನ ಮುಲಾಜಿಲ್ಲದೆ ರಜೆ ಹೇಳಿ.

2. ಬೇಕಾದ ನೌಕರಿಗೆ ಹತ್ತಿರದ ಸೇವೆ ಆರಿಸಿ. ಬಿ.ಕಾಂ. ಮಾಡಿದವರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದುಕೊಡಿ. ಡಿ.ಇಡಿ. ಆದವರು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಓದಿಸಿ.

3. ಜಾತ್ರೆಯಲ್ಲಿ ಪಾಠ ಕಲಿಯಿರಿ. ಸುತ್ತೂರು ಜಾತ್ರೆ, ನಂಜನಗೂಡಿನ ದೊಡ್ಡ ತೇರು, ತಿ. ನರಸೀಪುರದಲ್ಲಿ 1989ರಲ್ಲಿ ಶುರುವಾದ ಕುಂಭಮೇಳ: ಎಲ್ಲಕ್ಕೂ ಕೈ ಬೇಕು. ದಾಸೋಹದಲ್ಲಿ ಸಾರಿನ ಬಕೆಟ್ ಹಿಡಿದು ನೋಡಿ. ಅನ್ನದವರ ಹಿಂದೆಯೇ ಸಾರಿನವರು ಬರದಿದ್ದರೆ ಇಡೀ ಪಂಕ್ತಿ ಕೈ ಕಟ್ಟಿ ಕೂರುತ್ತದೆ. ಕಾರ್ಖಾನೆಯ ಶಿಫ್ಟ್ ನಡೆಯುವುದೂ ಹೀಗೆಯೇ.

4. ಎಣಿಸುವುದನ್ನು ಕಲಿಯಿರಿ. ಚಳಿಗಾಲದಲ್ಲಿ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಕ್ಕಿ ಎಣಿಸುವವರ ಜೊತೆ ಕೆರೆ ಏರಿ ಮೇಲೆ ನಿಂತು ಹತ್ತತ್ತರ ಗುಂಪಾಗಿ ಎಣಿಸಿ. ತಾರೀಕು, ಹೊತ್ತು, ಸಂಖ್ಯೆ ಬರೆಯಿರಿ. ‘ತುಂಬಾ ಇದ್ವು’ ಅನ್ನುವವರಿಗಿಂತ ‘ಇನ್ನೂರ ಹತ್ತು’ ಅನ್ನುವವರನ್ನು ಯಾವ ಆಫೀಸಾದರೂ ನಂಬುತ್ತದೆ.

5. ಲೆಕ್ಕ ಇಡಿ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಎಂದು ಗೊತ್ತುಮಾಡಿದ್ದಾರಲ್ಲ, ಹಾಗೆ ನಿಮ್ಮದೂ ಒಂದು ಪುಸ್ತಕ ಇರಲಿ. ಬಯೋಡೇಟಾದಲ್ಲಿ ‘ಸಮಾಜಸೇವೆ’ ಎಂದು ತೇಲಿಸಬೇಡಿ. ಎಷ್ಟು ತಿಂಗಳು, ಎಷ್ಟು ಮಕ್ಕಳು, ಯಾವ ಪಾಠ ಎಂದು ಬರೆಯಿರಿ.

6. ಬಾಯಿಬಿಟ್ಟು ಹೇಳಿ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ದಿನಾ ಹೋಗಿಬರುವವರು ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಬಡಿಸುತ್ತಿರಬಹುದು. ‘ಅಣ್ಣಾ, ಕೆಲಸ ಹುಡುಕ್ತಾ ಇದ್ದೀನಿ’ ಅನ್ನಲು ಸಂಕೋಚ ಯಾಕೆ?

7. ಬಿಟ್ಟಿ ಚಾಕರಿಗೆ ಬೀಳಬೇಡಿ. ‘ಅನುಭವ ಆಗುತ್ತೆ ಬಾ’ ಎಂದು ಲಾಭದ ಅಂಗಡಿಯವರು ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಂಡರೆ ಕೈಮುಗಿದು ಹೊರಡಿ.

ನೌಕರಿ ಸಿಕ್ಕ ದಿನ ಅರಿವು ಕೇಂದ್ರದ ಮಕ್ಕಳಿಗೆ ಹೇಳದೆ ಮಾಯವಾಗಬೇಡಿ. ಹಾಜರಿ ಪುಸ್ತಕವನ್ನು ಕೆಲಸ ಹುಡುಕುತ್ತಿರುವ ಇನ್ನೊಬ್ಬರ ಕೈಗೆ ಕೊಟ್ಟು ಬಸ್ ಹತ್ತಿ.