ಮುಳಾ-ಮುಠಾ ನದಿಗಳೂ ಪುಣೆ ನಗರವೂ

ಪುಣೆಯ ಚರಿತ್ರೆ ಎಂದೊಡನೆ ನಮ್ಮ ವಿದ್ಯಾರ್ಥಿಗಳು ಶಿವಾಜಿ ಮಹಾರಾಜರಿಂದ ಆರಂಭಿಸಿ ಪೇಶ್ವೆಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುವರು. ಇದು ತಕ್ಕುದೇ. ಆದರೆ ಅರಸರು ಬರುವುದಕ್ಕೆ ಮೊದಲೇ ಇಲ್ಲಿ ನದಿ ಇದ್ದಿತು. ಅರಸರು ಹೋದ ಮೇಲೂ ಅದು ಉಳಿದಿದೆ. ಈ ಊರು ಕುಡಿಯುವ ನೀರನ್ನು ಎಲ್ಲಿಂದ ತಂದಿತು, ಬಳಸಿದ ನೀರನ್ನು ಎಲ್ಲಿಗೆ ಬಿಟ್ಟಿತು, ಹೊಳೆ ಉಕ್ಕಿ ಬಂದಾಗ ಏನಾಯಿತು ಎಂಬುದನ್ನು ವಿಚಾರಿಸಿದರೆ ನಗರ ಬೆಳೆದ ಬಗೆ ಹೆಚ್ಚು ಸ್ಪಷ್ಟವಾಗುತ್ತದೆ. ಈ ಲೇಖನದಲ್ಲಿ ನಾವು ಆ ಮಾರ್ಗವನ್ನೇ ಹಿಡಿಯುತ್ತೇವೆ.

ಮೊದಲು ಭೂಗೋಳವನ್ನು ನೋಡೋಣ. ಮುಳಾ ಮತ್ತು ಮುಠಾ ಎರಡೂ ಪಡುವಣದ ಸಹ್ಯಾದ್ರಿಯಲ್ಲಿ ಹುಟ್ಟುವ ಹೊಳೆಗಳು. ಪವನಾ ನದಿಯು ದಾಪೋಡಿಯ ಬಳಿ ಮುಳೆಯನ್ನು ಸೇರುತ್ತದೆ. ಮುಠೆಯು ಖಡಕವಾಸಲೆಯ ಮೇಲಿಂದ ಬಂದು ಹಳೆಯ ಊರನ್ನು ಬಳಸಿಕೊಂಡು ಸಂಗಮದಲ್ಲಿ ಮುಳೆಯೊಡನೆ ಕೂಡುತ್ತದೆ. ಅಲ್ಲಿಂದ ಮುಂದೆ ಮುಳಾ-ಮುಠಾ ಎಂಬ ಜೋಡಿ ಹೆಸರಿನಿಂದ ಪೂರ್ವಕ್ಕೆ ಹರಿದು ಭೀಮೆಗೆ ಸೇರುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪುಣೆ ಇರುವುದು ಘಟ್ಟದ ಮಳೆಯ ನೆರಳಿನಲ್ಲಿ. ಮುಳಶಿ, ಲೋಣಾವಳಾಗಳ ಕಡೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುವಾಗ ನಗರದಲ್ಲಿ ಅದರ ಸಣ್ಣ ಪಾಲು ಮಾತ್ರ ಬೀಳುತ್ತದೆ. ಆದುದರಿಂದ ಇಲ್ಲಿ ಆಕಾಶ ತಿಳಿಯಾಗಿದ್ದಾಗಲೂ ಹೊಳೆ ತುಂಬಿ ಬರಬಹುದು. ನೀರು ನಮ್ಮ ತಲೆಯ ಮೇಲಿನ ಮೋಡದ್ದಲ್ಲ, ಘಟ್ಟದ ಮೋಡದ್ದು.

ಈ ಊರಿನ ಹೆಸರು ನಮಗೆ ಮೊದಲು ದೊರೆಯುವುದು ರಾಷ್ಟ್ರಕೂಟರ ತಾಮ್ರಪಟಗಳಲ್ಲಿ. 758ರ ಪಟದಲ್ಲಿ 'ಪುಣ್ಯ ವಿಷಯ' ಎಂದೂ 768ರ ಪಟದಲ್ಲಿ 'ಪುಣಕ ವಿಷಯ' ಎಂದೂ ಇದೆ. 'ವಿಷಯ'ವೆಂದರೆ ಆಗಿನ ಕಾಲದ ಆಡಳಿತದ ಒಂದು ಪ್ರಾಂತ. ಆಗ ಆಳುತ್ತಿದ್ದವನು ಒಂದನೆಯ ಕೃಷ್ಣ. ವೇರೂಳದ ಕೈಲಾಸ ದೇವಾಲಯವನ್ನು ಬಂಡೆಯಲ್ಲಿ ಕೊರೆಯಿಸಿದ ಅರಸನು ಇವನೇ. ಜಂಗಲೀ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹಾಲಯವೂ ಆ ಕಾಲದ್ದೇ. ನೆಲಮಟ್ಟಕ್ಕಿಂತ ಕೆಳಗೆ ಇಡಿಯ ಬಂಡೆಯನ್ನು ಕಡಿದು ಮಾಡಿದ ಶಿವಾಲಯ, ಎದುರಿಗೆ ದುಂಡಾದ ನಂದಿಮಂಟಪ. ಕೆಲಸವು ಪೂರ್ಣಗೊಳ್ಳದೆ ನಿಂತಿರುವುದನ್ನೂ ಕಾಣಬಹುದು. ಮುಂದೆ ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ವಂಶ ಅದು. ಇದನ್ನು ಓದಿ ನಮ್ಮ ಮಕ್ಕಳಿಗೆ ಅಭಿಮಾನ ಉಕ್ಕುವುದು ಸಹಜ. ಆದರೆ ಅದೇ ದಿಕ್ಕಿನಿಂದ ಬೆಂಕಿಯೂ ಬಂದಿತೆಂಬುದನ್ನು ಮರೆಯಬಾರದು. 1630ರ ಸುಮಾರಿಗೆ ವಿಜಾಪುರದ ಆದಿಲಶಾಹಿಯ ಸರದಾರ ಮುರಾರ ಜಗದೇವನು ಶಹಾಜಿಯ ಜಹಗೀರಾಗಿದ್ದ ಪುಣೆಯನ್ನು ಸುಟ್ಟು ಹಾಳುಗೆಡವಿ, ನೆಲಕ್ಕೆ ಕತ್ತೆಯ ನೇಗಿಲನ್ನು ಹೂಡಿಸಿದನೆಂದು ಹೇಳುತ್ತಾರೆ. ಅನಂತರ ಜೀಜಾಬಾಯಿಯವರೂ ಬಾಲಕ ಶಿವಾಜಿಯೂ ಇಲ್ಲಿಗೆ ಬಂದು ನೆಲೆಸಿದರು; ದಾದೋಜಿ ಕೊಂಡದೇವನ ಮೇಲ್ವಿಚಾರಣೆಯಲ್ಲಿ ಊರು ಮತ್ತೆ ಕಟ್ಟಲ್ಪಟ್ಟಿತು. ಹಾಳಾದ ನೆಲವನ್ನು ಚಿನ್ನದ ನೇಗಿಲಿನಿಂದ ಉತ್ತ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ.

ಆ ಪುಣೆಯು ಕಸಬಾ ಪೇಟೆಯ ಸುತ್ತಲಿನ ಸಣ್ಣ ಊರು. ಅದು ನಗರವಾದುದು ಪೇಶ್ವೆಯರ ಕಾಲದಲ್ಲಿ. ಮೊದಲನೆಯ ಬಾಜೀರಾಯನು 1730ರ ಜನವರಿ 10ರಂದು ಶನಿವಾರವಾಡೆಯ ಅಡಿಗಲ್ಲನ್ನಿಡಿಸಿದನು; 1732ಕ್ಕೆ ಅರಮನೆ ಸಿದ್ಧವಾಯಿತು. ವಾರದ ದಿನಗಳ ಹೆಸರಿನ ಪೇಟೆಗಳು ಸುತ್ತಲೂ ತುಂಬಿಕೊಂಡವು. ಜನ ಹೆಚ್ಚಿದಂತೆ ಬಾವಿಗಳೂ ಹೊಳೆಯೂ ಸಾಲದಾದುವು. ಆಗ ನಾನಾಸಾಹೇಬ ಪೇಶ್ವೆಯು 1750ರ ಸುಮಾರಿನಲ್ಲಿ ಮಾಡಿಸಿದ ಕೆಲಸವನ್ನು ನಾವು ಶನಿವಾರವಾಡೆಗಿಂತಲೂ ದೊಡ್ಡದೆಂದು ಎಣಿಸುತ್ತೇವೆ. ದಕ್ಷಿಣದ ಗುಡ್ಡಗಳ ಅಡಿಯಲ್ಲಿ ಕಾತ್ರಜದಲ್ಲಿ ಕೆರೆ ಕಟ್ಟಿಸಿ, ಅಲ್ಲಿಂದ ನೆಲದೊಳಗೆ ಕಲ್ಲುಗಾರೆಯ ಕಾಲುವೆಯೊಂದನ್ನು ಊರಿನವರೆಗೆ ತರಲಾಯಿತು. ಮನುಷ್ಯನು ಒಳಗೆ ಇಳಿದು ನಡೆಯುವಷ್ಟು ಎತ್ತರ. ಯಂತ್ರವಿಲ್ಲ, ರಾಟೆಯಿಲ್ಲ; ನೆಲದ ಇಳಿಜಾರೇ ನೀರನ್ನು ಮುಂದಕ್ಕೆ ನಡೆಸುತ್ತಿತ್ತು. ದಾರಿಯಲ್ಲಿ ಹೂಳು ತಂಗಲೆಂದು ಗುಂಡಿಗಳನ್ನೂ, ಗಾಳಿಯಾಡಲೆಂದು 'ಉಚ್ಛ್ವಾಸ'ಗಳೆಂಬ ನೆಟ್ಟನೆಯ ಕೊಳವೆಬಾವಿಯಂಥ ತೆರಪುಗಳನ್ನೂ ಬಿಟ್ಟಿದ್ದರು. ಕೊನೆಯಲ್ಲಿ ನೀರು ಬೀದಿಬೀದಿಯ ಹೌದಗಳಿಗೆ, ಎಂದರೆ ಕಲ್ಲಿನ ದೊಡ್ಡ ತೊಟ್ಟಿಗಳಿಗೆ ಬೀಳುತ್ತಿತ್ತು. ಕಾಳಾ ಹೌದ, ಸದಾಶಿವ ಪೇಟೆಯ ಹೌದ, ಬದಾಮಿ ಹೌದ ಮುಂತಾದವು ಇವೇ. (ಬದಾಮಿ ಎಂಬ ಹೆಸರು ಕೇಳಿದೊಡನೆ ಚಾಲುಕ್ಯರ ಬಾದಾಮಿಯನ್ನು ನೆನೆಯುವ ಉತ್ಸಾಹಿಗಳು ನಮ್ಮಲ್ಲಿದ್ದಾರೆ. ಹೆಸರಿನ ಹೋಲಿಕೆಯೊಂದರ ಮೇಲೆ ಚರಿತ್ರೆಯನ್ನು ಕಟ್ಟಲು ಬಾರದು.)

ಆ ಕಾಲದಲ್ಲಿ ಹೊಳೆಗೆ ಸೇತುವೆಗಳು ವಿರಳ. 1761ರ ಪಾಣಿಪತದ ಸೋಲಿನ ನಂತರ ಹಿಂದಿರುಗುವ ಸೈನ್ಯವನ್ನು ದಾಟಿಸಲು ಮುಠೆಯ ಮೇಲೆ ಅವಸರದಿಂದ ಮರದ ಸೇತುವೆಯನ್ನು ಕಟ್ಟಿಸಿದರೆಂದು ಹೇಳಿಕೆ. ಮರ ಎಂದೋ ಹೋಯಿತು. ಗಟ್ಟಿಯಾದ ಸೇತುವೆ ಬಂದಿತು. ಜನರು ಮಾತ್ರ ಇಂದಿಗೂ ಅದನ್ನು ಲಕಡೀ ಪೂಲ್ ಎಂದೇ ಕರೆಯುತ್ತಾರೆ.

1817ರ ನವೆಂಬರ್ 5ರಂದು ಖಡಕಿಯ ಯುದ್ಧ ನಡೆದು ಪೇಶ್ವೆಯರ ಆಳ್ವಿಕೆ ಕೊನೆಗಂಡಿತು. ಇಂಗ್ಲಿಷರು ಸೈನ್ಯದ ದಂಡುಪ್ರದೇಶಗಳನ್ನು ಸ್ಥಾಪಿಸಿದರು. 1858ರಲ್ಲಿ ರೈಲೂ ಪುರಸಭೆಯೂ ಬಂದವು. ನೀರಿನ ಪ್ರಶ್ನೆ ಪುನಃ ತಲೆಯೆತ್ತಿತು. 1869ರಲ್ಲಿ ಮುಠೆಗೆ ಅಡ್ಡಲಾಗಿ ಖಡಕವಾಸಲೆಯಲ್ಲಿ ಕಲ್ಲುಗಾರೆಯ ಅಣೆಕಟ್ಟನ್ನು ಆರಂಭಿಸಿದರು. ಆ ಜಲಾಶಯಕ್ಕೆ ಫೈಫ್ ಸರೋವರವೆಂದು ಹೆಸರಿಟ್ಟರು.

ಇಲ್ಲಿ ಕನ್ನಡ ನಾಡಿನ ತರುಣನೊಬ್ಬನು ಪುಣೆಯ ಚರಿತ್ರೆಯೊಳಗೆ ಪ್ರವೇಶಿಸುತ್ತಾನೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಬಂದು 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಕಾಲೇಜು ಇರುವುದು ಸಂಗಮದ ಸನಿಹದಲ್ಲಿಯೇ. ಬಳಿಕ ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ ಖಡಕವಾಸಲೆಯ ಒಂದು ತೊಡಕು ಅವರ ಮುಂದೆ ಬಂದಿತು. ಮಳೆಗಾಲದಲ್ಲಿ ಕೆರೆ ತುಂಬಿ, ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರಿನ ಕೊರತೆ. ಕೋಡಿಯನ್ನು ಶಾಶ್ವತವಾಗಿ ಎತ್ತರಿಸಿದರೆ ಮಹಾಪೂರದ ಕಾಲದಲ್ಲಿ ಅಣೆಕಟ್ಟೆಗೇ ಅಪಾಯ. ಇದಕ್ಕೆ ಅವರು ಕಂಡುಹಿಡಿದ ಉಪಾಯವೇ ಸ್ವಯಂಚಾಲಿತ ಬಾಗಿಲುಗಳು. ಕೋಡಿಯ ಮೇಲೆ ಸಮತೂಕದಿಂದ ನಿಂತ ಈ ಬಾಗಿಲುಗಳು ನೀರು ಗೊತ್ತಾದ ಮಟ್ಟದವರೆಗೆ ಏರುವ ತನಕ ಮುಚ್ಚಿಕೊಂಡಿರುತ್ತವೆ. ಮಟ್ಟ ಮೀರಿದೊಡನೆ ನೀರಿನ ಒತ್ತಡದಿಂದಲೇ ಸಮತೂಕ ಬದಲಾಗಿ ತೆರೆದುಕೊಳ್ಳುತ್ತವೆ. ಪೂರ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತವೆ. ನಡುರಾತ್ರಿಯಲ್ಲಿ ಕಾವಲುಗಾರನು ಓಡಬೇಕಾಗಿಲ್ಲ. 1903ರಲ್ಲಿ ಇವನ್ನು ಖಡಕವಾಸಲೆಯಲ್ಲಿ ಮೊದಲು ಅಳವಡಿಸಲಾಯಿತು. ಕನ್ನಂಬಾಡಿಯ ಕಟ್ಟೆಯನ್ನು ಮಾತ್ರ ನೋಡಿ ಸರ್ ಎಂ. ವಿ. ಅವರನ್ನು ಸ್ಮರಿಸುವವರು, ಅವರ ಮೊದಲ ಪ್ರಯೋಗಶಾಲೆ ನಮ್ಮ ನಗರದ ನೆತ್ತಿಯ ಮೇಲೆಯೇ ಇದ್ದಿತೆಂಬುದನ್ನೂ ತಿಳಿದಿರಬೇಕು.

ನದಿಯಿಂದ ಲಾಭ ಪಡೆದವರಷ್ಟೇ ಅಲ್ಲ, ನಷ್ಟ ಹೊಂದಿದವರೂ ಉಂಟು. ಮುಳಶಿಯಲ್ಲಿ ಟಾಟಾ ಕಂಪನಿಯು ಮುಳೆಗೆ ಅಣೆಕಟ್ಟು ಕಟ್ಟಿ, ನೀರನ್ನು ಘಟ್ಟದ ಪಶ್ಚಿಮಕ್ಕೆ ಧುಮುಕಿಸಿ ಮುಂಬಯಿಗಾಗಿ ವಿದ್ಯುತ್ತನ್ನು ಉತ್ಪಾದಿಸಲು ಹೊರಟಾಗ, ಹೊಲಮನೆಗಳನ್ನು ಕಳೆದುಕೊಳ್ಳಲಿದ್ದ ಮಾವಳದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಅದರ ಮುಂದಾಳಾದ ಪಾಂಡುರಂಗ ಮಹಾದೇವ ಬಾಪಟರು 'ಸೇನಾಪತಿ' ಎಂದು ಪ್ರಸಿದ್ಧರಾದರು. 1924ಕ್ಕೆ ಚಳವಳಿ ಮುಗಿಯಿತು, ಅಣೆಕಟ್ಟು ಉಳಿಯಿತು, ಹಳ್ಳಿಗಳು ಮುಳುಗಿದವು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿಗೆ ಇನ್ನೂ ಹೆಚ್ಚು ಸ್ಥಳ ದೊರೆಯಬೇಕಾಗಿತ್ತು.

ಸ್ವಾತಂತ್ರ್ಯಾನಂತರ ನಗರವು ವೇಗದಿಂದ ಹಬ್ಬಿತು. 1949ರಲ್ಲಿ ವಿಶ್ವವಿದ್ಯಾಲಯ, 1950ರಲ್ಲಿ ಮಹಾನಗರಪಾಲಿಕೆ, 1954ರಲ್ಲಿ ಪಿಂಪರಿಯ ಔಷಧ ಕಾರಖಾನೆ. ಖಡಕವಾಸಲೆಯೊಂದೇ ಸಾಲದೆ ಅದರ ಮೇಲ್ಗಡೆ ಅಂಬೀ ನದಿಗೆ ಪಾನಶೇತದಲ್ಲಿ ಮಣ್ಣಿನ ಅಣೆಕಟ್ಟನ್ನು ಕಟ್ಟತೊಡಗಿದರು. 1961ರ ಮಳೆಗಾಲದಲ್ಲಿ, ಕೆಲಸ ಪೂರ್ಣವಾಗುವ ಮೊದಲೇ ಅದರಲ್ಲಿ ನೀರು ತುಂಬಿತು. ಕಟ್ಟೆ ಕುಸಿಯತೊಡಗಿದಾಗ ಸೈನ್ಯದ ಜವಾನರು ಮಳೆಯಲ್ಲಿ, ಕತ್ತಲೆಯಲ್ಲಿ ಮರಳಿನ ಚೀಲಗಳನ್ನು ಪೇರಿಸಿ ಅದನ್ನು ಹಿಡಿದು ನಿಲ್ಲಿಸಲು ಹೆಣಗಿದರು. ಅವರು ಗಳಿಸಿಕೊಟ್ಟ ಆ ಕೆಲವು ಗಂಟೆಗಳಿಂದಾಗಿ ಒಡೆತವು ನಡುರಾತ್ರಿಗೆ ಬದಲು ಹಗಲಿನಲ್ಲಿ ಆಯಿತು. ಎಷ್ಟೋ ಮಂದಿ ಎಚ್ಚರವಾಗಿದ್ದು ಓಡಿ ಬದುಕಿದರು. ಜುಲೈ 12ರ ಬೆಳಿಗ್ಗೆ ಪಾನಶೇತ ಒಡೆಯಿತು. ಆ ನೀರೆಲ್ಲ ಕೆಳಗಿನ ಖಡಕವಾಸಲೆಗೆ ನುಗ್ಗಿತು. ಹಳೆಯ ಕಟ್ಟೆಯು ಕೆಲಹೊತ್ತು ತಡೆದು, ಅದೂ ಬಿರಿಯಿತು. ಸ್ವಯಂಚಾಲಿತ ಬಾಗಿಲುಗಳು ಮಳೆಯ ಪೂರಕ್ಕೆಂದು ಮಾಡಿದವು. ಇಡಿಯ ಕೆರೆಯೊಂದು ಮೈಮೇಲೆ ಬಿದ್ದರೆ ಅವೇನು ಮಾಡಿಯಾವು? ನಾರಾಯಣ, ಶನಿವಾರ, ಕಸಬಾ ಪೇಟೆಗಳ ನದಿಬದಿಯ ಮನೆಗಳು ಮುಳುಗಿದವು, ಮಣ್ಣಿನ ವಾಡೆಗಳು ಕುಸಿದವು. ಪೂರ ಇಳಿದ ಮೇಲೆ ಇನ್ನೊಂದು ಸಂಕಟ: ಜಲಾಶಯವೇ ಬರಿದಾದುದರಿಂದ ನಲ್ಲಿಯಲ್ಲಿ ಕುಡಿಯುವ ನೀರಿಲ್ಲ. ಆಗ ಕಾತ್ರಜದ ಹಳೆಯ ಹೌದಗಳೂ ಬಾವಿಗಳೂ ಊರನ್ನು ಕಾಪಾಡಿದವೆಂದು ಹಿರಿಯರು ಹೇಳುವುದುಂಟು. ಮನೆ ಕಳೆದುಕೊಂಡವರಿಗಾಗಿ ಸಹಕಾರನಗರ, ಗೋಖಲೆನಗರ ಮೊದಲಾದ ವಸತಿಗಳು ಹುಟ್ಟಿದವು. ಇಂದು ಅಲ್ಲಿ ವಾಸಿಸುವ ಬಹುಮಂದಿಗೆ ತಮ್ಮ ಬಡಾವಣೆಯ ಮೂಲ ಈ ಪೂರವೆಂಬುದು ತಿಳಿದಿರಲಾರದು.

ಎರಡು ನದಿಗಳು ಕೂಡುವಲ್ಲಿ ಹುಟ್ಟಿ, ಹೀಗೆಯೇ ಪೂರದಿಂದ ಪೀಡಿತವಾದ ನಗರ ನಮ್ಮದೊಂದೇ ಅಲ್ಲ. ಕೆನಡಾ ದೇಶದ ವಿನ್ನಿಪೆಗ್ ನಗರವು ರೆಡ್ ಮತ್ತು ಅಸಿನಿಬೋಯಿನ್ ನದಿಗಳ ಸಂಗಮದಲ್ಲಿದೆ. ಅಲ್ಲಿಯೂ ಮೊದಲು ಆ ನೆಲದ ಮೂಲನಿವಾಸಿಗಳು ಕೂಡುವ ತಾಣ, ಆಮೇಲೆ ತುಪ್ಪಳದ ವ್ಯಾಪಾರಿಗಳ ಕೋಟೆ, 1873ರಲ್ಲಿ ನಗರ, ಆಮೇಲೆ ರೈಲು. 1950ರ ಪೂರದಲ್ಲಿ ಸುಮಾರು ಒಂದು ಲಕ್ಷ ಜನರು ಊರು ಬಿಡಬೇಕಾಯಿತು. ಅನಂತರ ಅಲ್ಲಿನವರು ನದಿಯ ಹೆಚ್ಚುವರಿ ನೀರು ನಗರವನ್ನು ಸುತ್ತಿಹೋಗುವಂತೆ 47 ಕಿಲೋಮೀಟರ್ ಉದ್ದದ ಕಾಲುವೆಯನ್ನು 1962ರಿಂದ 1968ರವರೆಗೆ ತೋಡಿದರು. 1997ರ ಮಹಾಪೂರದಲ್ಲಿ ಅದು ಊರನ್ನು ಉಳಿಸಿತು. ಮೆಚ್ಚತಕ್ಕ ಕೆಲಸವೇ. ಆದರೆ ಅದೇ ನಗರವು 1919ರಿಂದ ದೂರದ ಶೋಲ್ ಸರೋವರದಿಂದ ಕಾಲುವೆಯ ಮೂಲಕ ಶುದ್ಧ ನೀರನ್ನು ತರಿಸಿಕೊಳ್ಳುತ್ತಿದ್ದು, ಆ ಸರೋವರದ ದಡದ ಮೂಲನಿವಾಸಿಗಳ ಒಂದು ಸಮುದಾಯವು ಮಾತ್ರ 1997ರಿಂದ 2021ರವರೆಗೆ ಕುದಿಸದ ನೀರನ್ನು ಕುಡಿಯಲಾಗದ ಸ್ಥಿತಿಯಲ್ಲಿತ್ತು. ಮುಳಶಿಯ ರೈತರಿಗೆ ಈ ಮಾತು ಹೊಸದೆನಿಸದು.

ಪುಣೆಯು ನದಿಗೆ ದಾರಿ ಬಿಡಿಸಿತೆ? ಪಾನಶೇತವನ್ನು ಪುನಃ ಕಟ್ಟಿದರು. ವರಸಗಾವ, ಟೇಮಘರ ಅಣೆಕಟ್ಟುಗಳೂ ಸೇರಿ ನೀರಿನ ಸಂಗ್ರಹ ಬೆಳೆಯಿತು. ಇತ್ತ ನದಿಯ ಪಾತ್ರ ಕಿರಿದಾಗುತ್ತ ಬಂದಿತು. ಪಾತ್ರದೊಳಗೇ ರಸ್ತೆ, ಪಾತ್ರದ ಅಂಚಿಗೇ ಮಹಡಿಮನೆಗಳು. ಖಡಕವಾಸಲೆಯಿಂದ ನೀರು ಬಿಟ್ಟಾಗಲೆಲ್ಲ ಭಿಡೆ ಸೇತುವೆ ಮುಳುಗಿತೆಂಬ ವಾರ್ತೆಯನ್ನು ಪ್ರತಿ ಮಳೆಗಾಲದಲ್ಲಿ ಓದುತ್ತೇವೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬೀಲ್ ಹಳ್ಳ ಉಕ್ಕಿ ಜನರು ಪ್ರಾಣ ಕಳೆದುಕೊಂಡರು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ಮುಠೆ ನುಗ್ಗಿತು. ನದಿಯ ದಂಡೆಗಳನ್ನು ಕಟ್ಟಿ ಅಂದಗೊಳಿಸುವ 44 ಕಿಲೋಮೀಟರ್‌ಗಳ ಯೋಜನೆಗೆ 2022ರಲ್ಲಿ ಅಡಿಗಲ್ಲು ಬಿದ್ದಿದೆ. ದಂಡೆಯ ಮರಗಳ ವಿಷಯವಾಗಿಯೂ, ಪಾತ್ರ ಕಿರಿದಾಗುವುದೆಂಬ ಭಯದಿಂದಲೂ ಅನೇಕ ನಾಗರಿಕರು ಅದನ್ನು ವಿರೋಧಿಸಿದ್ದಾರೆ. ದಂಡೆಗಿಂತ ಮೊದಲು ನೀರನ್ನು ಶುದ್ಧಗೊಳಿಸಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಹೀಗೆ ಹೇಳಲು ನಮಗೆ ಕಾರಣವುಂಟು. ನಮ್ಮ ಶಾಲೆಯ ಅನೇಕ ಮಕ್ಕಳ ಮನೆತನಗಳು ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳಿಂದ ಮಣ್ಣು-ಕಲ್ಲಿನ ಕೆಲಸಕ್ಕಾಗಿ ಈ ನಗರಕ್ಕೆ ಬಂದವು. ಭೀಮೆಯ ಕಡೆಯಿಂದ ಬಂದ ನಾವೂ ಅದೇ ದಾರಿಯವರು. ನಾವು ಬಂದ ದಾರಿಯಲ್ಲಿಯೇ ಈ ಹೊಳೆ ಎದುರುಮುಖವಾಗಿ ಹೋಗುತ್ತದೆ. ಸಂಗಮವನ್ನು ಬಿಟ್ಟ ಮುಳಾ-ಮುಠಾ ನಗರದ ಕೊಳಚೆಯನ್ನು ಹೊತ್ತು ಭೀಮೆಯನ್ನು ಸೇರಿ ಉಜನಿ ಜಲಾಶಯದಲ್ಲಿ ನಿಲ್ಲುತ್ತದೆ. ಸೋಲಾಪುರ ಆ ನೀರನ್ನು ಕುಡಿಯುತ್ತದೆ. ಮುಂದೆ ಪಂಢರಪುರದಲ್ಲಿ ಅದಕ್ಕೆ ಚಂದ್ರಭಾಗೆಯೆಂದು ಹೆಸರು. ವಾರಕರಿಗಳು ಅದರಲ್ಲಿ ಮೀಯುತ್ತಾರೆ. ಅನಂತರ ಕರ್ನಾಟಕವನ್ನು ಪ್ರವೇಶಿಸಿ ಅಫಜಲಪುರದ ಹೊಲಗಳನ್ನು ದಾಟಿ, ಗಾಣಗಾಪುರದ ಬಳಿ ಅಮರ್ಜೆಯನ್ನು ಕೂಡಿಕೊಂಡು, ಸರಡಗಿಯ ಬ್ಯಾರೇಜಿನ ಬಳಿಗೆ ಬರುತ್ತದೆ. ಕಲಬುರಗಿ ನಗರದ ನಲ್ಲಿಗಳಿಗೆ ನೀರನ್ನು ಎತ್ತುವುದು ಅಲ್ಲಿಂದಲೇ. ಆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಲ್ಲಿ ನಿಮ್ಮ ಅಜ್ಜಿಯೂ ಇರಬಹುದು, ಸೋದರತ್ತೆಯೂ ಇರಬಹುದು.